ಹಳಿ ಎಂದರೆ ಹಳೆಯದು

ಇಂಡಿಗೆ ಬಂದ ಮೊದಲ ವಾರದಲ್ಲೇ ನೆಲ ನನ್ನ ಬಾಡಿಗೆ ಮನೆಯ ಬೀಗದ ಕೈಯನ್ನು ನುಂಗಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ನುಂಗಿತು. ಏಪ್ರಿಲ್ ತಿಂಗಳು. ರೈಲು ಹಳಿಯ ಪಕ್ಕದ, ಕಪ್ಪು ಎರೆ ಮಣ್ಣಿನ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದೆ. ಜೇಬಿನಿಂದ ಜಾರಿದ ಬೀಗದ ಕೈ ಕಾಲ ಬಳಿಯ ಬಿರುಕಿಗೆ ಬಿತ್ತು. ಕಲ್ಲಿಗೆ ಬಡಿದ ಸದ್ದಾದರೂ ಬರಬೇಕಲ್ಲ, ಅದೂ ಇಲ್ಲ. ಮೊಣಕೈವರೆಗೆ ತೋಳು ಇಳಿಸಿದೆ, ಬಿಸಿ ಗಾಳಿ ತಾಕಿತು ಅಷ್ಟೇ. ಅಳತೆಯ ಕಡ್ಡಿ ಇಳಿಸಿದೆ, ಅದಕ್ಕೂ ತಳ ಸಿಗಲಿಲ್ಲ. ಮಣ್ಣಿನ ಬಗ್ಗೆ ವರ್ಷಗಟ್ಟಲೆ ಓದಿದವಳು ಮಣ್ಣಿನ ಮುಂದೆ ಮಂಡಿಯೂರಿ ಕೂತು ಬೈಯುತ್ತಿದ್ದೆ.

ಮನೆಯ ಒಡತಿ ರಾಬಿಯಾ ಚಾಚಿ, ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಬಾಗಿಲಲ್ಲಿ ನಿಂತು ನನ್ನ ಕಥೆ ಕೇಳಿದರು. ನಗಲಿಲ್ಲ, ಮರುಗಲೂ ಇಲ್ಲ.

“ಎರಿ ನುಂಗಿದ್ದು ಎರಿಗೇ ಬಿಡ್ರಿ. ಬರ್ರಿ, ಕೀಲಿ ಒಡಿಯೂಣು.”

ನನಗೆ ತಲೆ ಕೆಟ್ಟಿತು. ನಮ್ಮ ಕಡೆ ಕೀಲಿ ಅಂದರೆ ಬೀಗದ ಕೈ. ಭೂಮಿಯೊಳಗೆ ಹೋದ ಕೀಲಿಯನ್ನು ಒಡೆಯುವುದು ಹೇಗೆ, ಯಾಕೆ? ಅವರು ಒಳಗಿನಿಂದ ಸುತ್ತಿಗೆ ತಂದು ಬೀಗಕ್ಕೆ ಎರಡು ಏಟು ಕೊಟ್ಟ ಮೇಲೆ ತಿಳಿಯಿತು, ಇಲ್ಲಿ ಕೀಲಿ ಅಂದರೆ ಬೀಗ. ಕನ್ನಡದಿಂದ ಕನ್ನಡಕ್ಕೆ ವಲಸೆ ಬಂದವಳ ಮೊದಲ ಪಾಠ ಅದು. ಅದನ್ನು ತಮಾಷೆಯ ಲೆಕ್ಕಕ್ಕೆ ಸೇರಿಸಿ ಮರೆತೆ.

ನಾನು ಅರಸೀಕೆರೆಯವಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಗೂಡ್ಸ್ ಗಾಡಿಯ ಸದ್ದಿಗೆ ನಿದ್ದೆ ಮಾಡಿ ಬೆಳೆದವಳಿಗೆ ಹಳಿ ಅನ್ನುವುದು ಅಮ್ಮ, ಅಪ್ಪ ಅನ್ನುವಷ್ಟೇ ಹಳೆಯ ಪದ. ಮಣ್ಣಿನ ಎಂಜಿನಿಯರಿಂಗ್ ಓದಿದೆ, ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಗೆ ಸೇರಿದೆ, ಅವರು ನನ್ನನ್ನು ಇಲ್ಲಿಗೆ ಕಳಿಸಿದರು. ಊರಿನವರು ಇವತ್ತಿಗೂ ಕೇಳುತ್ತಾರೆ, ಅಷ್ಟು ಓದಿ ಬಿಜಾಪುರದ ಬಿಸಿಲಿಗೆ ಹೋಗಿ ಏನು ಮಾಡುತ್ತೀಯ ಎಂದು. ಈ ಬರಹ ಅವರಿಗಾಗಿ.

ನಮ್ಮ ಕಡೆಯ ಕೆಂಪು ಮಣ್ಣು ಒಳ್ಳೆಯ ಸೊಸೆಯಂತೆ, ಇಟ್ಟಲ್ಲಿ ಇರುತ್ತದೆ. ಇಲ್ಲಿಯ ಎರೆ ಮಣ್ಣು ಹಾಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ, ರೈಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಮೇಲೆ ಹಳಿ ಹಾಕಿದರೆ ಮಳೆಗಾಲದಲ್ಲಿ ಒಂದು ಕಡೆ ಎತ್ತುತ್ತದೆ, ಬೇಸಗೆಯಲ್ಲಿ ಇನ್ನೊಂದು ಕಡೆ ಇಳಿಸುತ್ತದೆ. ಅದಕ್ಕಾಗಿ ಎರೆಯನ್ನು ಅಗೆದು ಎಸೆದು, ದೂರದ ಗುಡ್ಡ ಕಡಿದು ಲಾರಿಗಟ್ಟಲೆ ಕಲ್ಲು ಬೆರೆತ ಗರಸು ಮಣ್ಣು ತಂದು ತುಂಬುವುದು ರೂಢಿ. ಗುಡ್ಡವೂ ಹೋಯಿತು, ಡೀಸೆಲೂ ಹೋಯಿತು. ಆಮೇಲೆ ಅದರ ಮೇಲೆ ಕರೆಂಟಿನ ರೈಲು ಓಡಿಸಿ ಪರಿಸರ ಉಳಿಸಿದೆವು ಎಂದರೆ ಯಾರು ನಂಬಬೇಕು? ನಮ್ಮ ಪ್ರಯತ್ನ ಬೇರೆ. ಎರೆಯನ್ನು ಎಸೆಯದೆ ಅಲ್ಲೇ ಪಳಗಿಸುವುದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಬೂದಿ ರಾಶಿರಾಶಿ ಬಿದ್ದಿರುತ್ತದೆ. ಅದಕ್ಕೆ ಸ್ವಲ್ಪ ಸುಣ್ಣ ಸೇರಿಸಿ ಎರೆಗೆ ಬೆರೆಸಿದರೆ ಉಬ್ಬುವ ಚಾಳಿ ಬಿಡುತ್ತದೆಯೇ? ಪ್ರಯೋಗಾಲಯದ ಬಟ್ಟಲಲ್ಲಿ ಬಿಟ್ಟಿತ್ತು. ನಿಜವಾದ ಹಳಿಯ ಕೆಳಗೆ, ನಿಜವಾದ ಮಳೆಯಲ್ಲಿ ಬಿಡುತ್ತದೆಯೇ ಎಂದು ನೋಡಲು ಇಂಡಿ ತಾಲ್ಲೂಕಿನಲ್ಲಿ ಬಳಕೆ ತಪ್ಪಿದ ಒಂದು ಪಕ್ಕದ ಹಳಿಯನ್ನು ನಮಗೆ ಕೊಟ್ಟಿದ್ದರು. ಒಂದು ಮಳೆಗಾಲ ಅವಕಾಶ. ಮಣ್ಣು ನಮ್ಮ ಪರವಾಗಿ ಸಾಕ್ಷಿ ಹೇಳಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಎಲ್ಲ ಅಗೆದು ಸಮ ಮಾಡಿ ಮನೆಗೆ.

ಬದುಕು ಕಟ್ಟಿಕೊಳ್ಳುವುದೂ ಅದೇ ಮಣ್ಣಿನ ಮೇಲೆ. ರಾಬಿಯಾ ಚಾಚಿಯ ಮನೆಯ ಗೋಡೆಗಳಲ್ಲಿ ಬೇಸಗೆಗೆ ಸಣ್ಣ ಬಿರುಕು ಮೂಡುತ್ತದೆ, ಮಳೆಗಾಲಕ್ಕೆ ಬಾಗಿಲು ಬಿಗಿಯಾಗುತ್ತದೆ. “ಒದೀಬೇಕ್ರಿ, ನಾಚಬ್ಯಾಡ್ರಿ” ಎಂದು ಅವರೇ ಒದ್ದು ತೋರಿಸಿದರು. ಊಟದಲ್ಲಿ ತೆಂಗಿನಕಾಯಿಗಾಗಿ ಮೊದಲ ತಿಂಗಳು ಹಂಬಲಿಸಿದೆ. ನಮ್ಮಲ್ಲಿ ಕಾಯಿ ತುರಿಯದೆ ಪಲ್ಯ ಇಳಿಸುವುದಿಲ್ಲ. ಇಲ್ಲಿ ಆ ಜಾಗದಲ್ಲಿ ಶೇಂಗಾ ಕೂತಿದೆ. ಹುರಿದು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಗೆ ಮೊಸರು ಕಲಸಿ ರೊಟ್ಟಿಗೆ ಹಚ್ಚಿಕೊಂಡರೆ ಬೇರೇನೂ ಬೇಕಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಒಂದು ಇಡೀ ಬೇಸಗೆ ಹಿಡಿಯಿತು. ಮುದ್ದೆ ಮಾಡಿ ಚಾಚಿಗೆ ಕೊಟ್ಟೆ. ಅವರು ಅಗಿದು ಅಗಿದು ಸುಸ್ತಾಗಿ, “ಇದನ್ನ ನುಂಗಬೇಕಂತ ಮೊದಲ ಹೇಳೂದಲ್ಲೇನ್ರಿ?” ಎಂದರು.

ಇನ್ನು ರೈಲಿನ ವಿಷಯ. ಇಲ್ಲಿ ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಎಂದಿದ್ದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇದೆ ಎಂದು ಅರ್ಥ. ಇಂಡಿ ರೋಡಿನಲ್ಲಿ ಇಳಿದವರು ಇಂಡಿಗೆ ಇನ್ನೊಂದು ಗಾಡಿ ಹತ್ತಬೇಕು. ಬಸವನ ಬಾಗೇವಾಡಿ ರೋಡಿನದೂ ಅದೇ ಪಾಡು. ಸಿಂದಗಿ, ಮುದ್ದೇಬಿಹಾಳದವರಿಗೆ ಆ ಭಾಗ್ಯವೂ ಇಲ್ಲ, ಹಳಿಯೇ ಇಲ್ಲ. ಅರಸೀಕೆರೆಯಲ್ಲಿ ನಾವಿದ್ದದ್ದು ಜಂಕ್ಷನ್ನಿನಲ್ಲಿ. ರೈಲು ತಪ್ಪಿದರೆ ಇನ್ನೊಂದು ಬರುತ್ತದೆ ಎಂದು ಕಾಫಿ ಕುಡಿಯುತ್ತ ಕೂರುವ ಜನ ನಾವು. ಇಲ್ಲಿ ರೈಲೆಂದರೆ ತಲೆಮಾರುಗಳ ಆಸೆ. ಮಣ್ಣಿನ ಮಾದರಿ ತರಲು ಸಿಂದಗಿ ಕಡೆಯ ಕನ್ನೊಳ್ಳಿಗೆ ಹೋದಾಗ ಹೊಲದವರು ಚಹಾ ಕೊಟ್ಟು, “ನಮ್ಮೂರಿಗೆ ರೈಲ ಯಾವಾಗ ಬರತೈತ್ರಿ?” ಎಂದರು. ಮುದ್ದೇಬಿಹಾಳದಲ್ಲಿ ಒಬ್ಬರು ಶಾಲು ಹೊದಿಸಿಯೇ ಬಿಟ್ಟರು. ನಾನು ರೈಲು ತರುವವಳಲ್ಲ, ಮಣ್ಣು ನೋಡುವವಳು ಎಂದರೆ, “ಇರ್ಲಿ ಬಿಡ್ರಿ, ಮಣ್ಣ ಚಲೋ ಐತಂತ ಬರೀರಿ” ಎಂದು ಉತ್ತರ. ಆ ಶಾಲು ಮೈಮೇಲೆ ಭಾರವಾಗಿತ್ತು. ಸುಳ್ಳು ಭರವಸೆ ಕೊಡಲಾರೆ. ಆದರೆ ನಾಳೆ ಇವರೂರಿಗೆ ಹಳಿ ಬಂದರೆ ಅದು ಎರೆಯ ಮೇಲೆಯೇ ಬರಬೇಕು, ಆಗ ನಮ್ಮ ಕೆಲಸ ಸುಳ್ಳಾಗಬಾರದು ಎಂಬ ಹಟ ಅಲ್ಲಿ ಹುಟ್ಟಿತು.

ಸ್ಥಳದಲ್ಲಿ ನನಗೆ ಜೊತೆಯಾಗಿದ್ದವರು ಭೀಮಾಶಂಕರ. ಚಡಚಣದವರು, ನನ್ನದೇ ವಯಸ್ಸು, ಮೊದಲು ಬೋರ್‌ವೆಲ್ ಗಾಡಿಯಲ್ಲಿದ್ದರು. ಮಹಾರಾಷ್ಟ್ರದ ಗಡಿ ಅಲ್ಲೇ ಇರುವುದರಿಂದ ಅವರ ಕನ್ನಡದ ತುಂಬ ಮರಾಠಿ. ಅವರ ಮಾತಿನ ವೇಗಕ್ಕೆ ಮೊದಮೊದಲು ನಾನು ಬರೀ ತಲೆ ಅಲ್ಲಾಡಿಸುತ್ತಿದ್ದೆ. ಬೈಯುತ್ತಿದ್ದಾರೆ ಎಂದುಕೊಂಡರೆ ಊಟಕ್ಕೆ ಕರೆಯುತ್ತಿರುತ್ತಿದ್ದರು. ನನ್ನ ಮಾತು ಅವರಿಗೆ ಆಕಾಶವಾಣಿಯಂತೆ ಕೇಳುತ್ತಿತ್ತಂತೆ. ಎದುರೆದುರು ನಿಂತು ಕೈಸನ್ನೆ ಮಾಡಿ ಕೆಲಸ ಸಾಗಿಸುತ್ತಿದ್ದೆವು, ಯಾವ ತೊಂದರೆಯೂ ಇರಲಿಲ್ಲ.

ಮಳೆಗೆ ಮುಂಚೆ ಪಕ್ಕದ ಹಳಿಯ ಒಂದು ಭಾಗದ ಕೆಳಗೆ ಎರೆಗೆ ಬೂದಿ, ಸುಣ್ಣ ಬೆರೆಸಿದ್ದೆವು. ಮಳೆಗಾಲ ಚೆನ್ನಾಗಿಯೇ ಆಯಿತು. ಅಕ್ಟೋಬರಿನಲ್ಲಿ, ನೆಲ ಇನ್ನೂ ನೀರು ಕುಡಿದಿರುವಾಗಲೇ ಹಳಿಯ ಕೆಳಗಿನಿಂದ ಮಣ್ಣನ್ನು ಕೊಳವೆಗಳಲ್ಲಿ ತೆಗೆಯಬೇಕಿತ್ತು. ನಾನು ಗೊತ್ತುಮಾಡಿದ ದಿನ ಭೀಮಾಶಂಕರ ಹಾರೆ ಮುಟ್ಟಲು ಒಪ್ಪಲಿಲ್ಲ.

“ಇವತ್ತ ಸೀಗಿ ಹುಣ್ಣಿಮ್ರಿ. ಭೂಮ್ತಾಯಿ ಬಸರಿ ಅದಾಳ. ಇವತ್ತ ನೆಲಕ್ಕ ಕಬ್ಬಿಣ ಹಚ್ಚಂಗಿಲ್ರಿ.”

ನಮ್ಮ ಕಡೆ ಈ ಹಬ್ಬ ನಾನು ಕಂಡಿರಲಿಲ್ಲ. ಅವತ್ತು ಹಾರೆ ಬಿಟ್ಟು ಅವರ ಮನೆಯವರೊಡನೆ ಹೊಲಕ್ಕೆ ಹೋದೆ. ಬಸುರಿಗೆ ಬಯಕೆ ಊಟ ಬಡಿಸಿದಂತೆ ಹೊಲದ ತುಂಬ ಕಡುಬು, ಪಲ್ಯ, ಅನ್ನ ಚೆಲ್ಲುತ್ತ ನಡೆದರು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮರುದಿನ ಮಣ್ಣು ತೆಗೆದೆವು. ಕೊಳವೆಗಳ ಎರಡು ತುದಿಗೂ ಮೇಣ ಹಚ್ಚಿ ಶೆಡ್ಡಿನಲ್ಲಿ ಸಾಲಾಗಿ ಮಲಗಿಸಿದಾಗ ನನಗೂ ಬಾಣಂತಿ ಮನೆಯ ಸಡಗರ. ಏಪ್ರಿಲಿನಲ್ಲಿ ಹೊಲದಿಂದ ತೆಗೆದ ಒಣ ಮಣ್ಣಿನ ಚೀಲಗಳು ಇನ್ನೊಂದು ಮೂಲೆಯಲ್ಲಿದ್ದವು. ಅವುಗಳ ಪರೀಕ್ಷೆ ಎಂದೋ ಮುಗಿದಿತ್ತು.

ಒಂದೆರಡು ದಿನದಲ್ಲಿ ನಾನು ಬಾಗೇವಾಡಿ ಕಡೆ ಹೋಗಿದ್ದಾಗ ಭೀಮಾಶಂಕರ ಫೋನ್ ಮಾಡಿದರು. ಬೂದಿಯ ಚೀಲಗಳು ಬಂದಿವೆ, ಶೆಡ್ಡಿನಲ್ಲಿ ಜಾಗವಿಲ್ಲ, ಯಾವ ಮಣ್ಣು ಇಡಲಿ, ಯಾವುದು ಚೆಲ್ಲಲಿ ಎಂದು. ಬಸ್ಸಿನ ಗದ್ದಲದಲ್ಲೂ ಅವರ ಮಾತು ಒಂದೇ ಸಲಕ್ಕೆ ಅರ್ಥವಾಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

“ಹಳಿ ಮಣ್ಣು ಮುಟ್ಟಬೇಡಿ. ಉಳಿದದ್ದು ಚೆಲ್ಲಿಬಿಡಿ” ಎಂದೆ.

“ಹಳೀದಷ್ಟ ಇಡ್ಲೇನ್ರಿ?”

“ಹೂಂ, ಹಳೀದಷ್ಟೇ” ಎಂದು ಅವರ ಧಾಟಿಯಲ್ಲೇ ಹೇಳಿ ಫೋನಿಟ್ಟೆ.

ಸಂಜೆ ಶೆಡ್ಡಿಗೆ ಹೋದರೆ ಏಪ್ರಿಲಿನ ಒಣ ಚೀಲಗಳು ಗೋಡೆಗೆ ಒರಗಿ ಭದ್ರವಾಗಿದ್ದವು. ಕೊಳವೆಗಳನ್ನು ತೊಳೆದು, ಬಾಯಿ ಕೆಳಗೆ ಮಾಡಿ, ನೀರು ಬಸಿಯಲು ಇಟ್ಟಿದ್ದರು. ಹಳಿಯ ಕೆಳಗಿನ ಮಣ್ಣು ಎಲ್ಲಿ ಎಂದು ಕೂಗಿದೆ.

“ರೂಳ ಕೆಳಗಿಂದೇನ್ರಿ? ಅದು ಹೊಸಾದೈತಲ್ರಿ. ಹಳಿ ಮಣ್ಣ ಇಡು, ಉಳದದ್ದು ಚೆಲ್ಲು ಅಂದ್ರಲ್ರಿ ನೀವು” ಎಂದರು ಭೀಮಾಶಂಕರ.

ಇಲ್ಲಿಯ ಮಾತಿನಲ್ಲಿ ಮನೆ ಮನಿ ಆಗುತ್ತದೆ, ಶಾಲೆ ಸಾಲಿ ಆಗುತ್ತದೆ. ಹಳೆ ಏನಾಗಬೇಕು? ಹಳಿ. ಹಳೆಯ ಮಣ್ಣು ಹಳಿ ಮಣ್ಣು. ಇನ್ನು ರೈಲು ಓಡುವ ಹಳಿಗೆ ಚಡಚಣದ ಮನುಷ್ಯ ಹುಟ್ಟಿದಾಗಿನಿಂದ ಹೇಳಿದ್ದು ರೂಳ, ಮರಾಠಿಯ ಪದ. ಅದೂ ನನಗೆ ಗೊತ್ತಿತ್ತು. ಎರಡೂ ಬೇರೆ ಬೇರೆಯಾಗಿ ಗೊತ್ತಿದ್ದವು, ಕೂಡಿ ಬಂದಾಗ ಹೊಳೆಯಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾವಿಬ್ಬರೂ ಮಾತು ಬಲ್ಲವರೇ. ಅದೇ ಮುಳುವಾಯಿತು.

ಚೆಲ್ಲಿದ್ದು ಪಕ್ಕದ ಹೊಲದ ಬದುವಿನ ಮೇಲೆ. ಓಡಿಹೋಗಿ ಇಬ್ಬರೂ ಹುಡುಕಿದೆವು. ಎರೆ ಹೊಲದಲ್ಲಿ ಎರೆ ಮಣ್ಣನ್ನು ಹುಡುಕುವುದು ಎಂದರೇನು ಎಂದು ಅವತ್ತು ತಿಳಿಯಿತು. ಅಲ್ಲಲ್ಲಿ ಬೂದಿಯ ತಿಳಿ ಬಣ್ಣದ ಹೆಂಟೆ ಕಂಡವು, ಆದರೆ ಒಡೆದು, ಬಿಸಿಲಿಗೆ ಒಣಗಿ, ಯಾವ ಕೊಳವೆಯದು ಯಾವುದೋ. ಒಳಗಿದ್ದ ನೀರಿನ ಅಂಶವೇ ನಮಗೆ ಬೇಕಿದ್ದ ಸಾಕ್ಷಿ, ಅದು ಗಾಳಿಗೆ ಹೋಗಿತ್ತು. ಮತ್ತೆ ಅಗೆಯೋಣ ಎಂದರೆ ಪಕ್ಕದ ಹಳಿಯ ಕೆಳಗಿನ ಗುಂಡಿಗಳನ್ನು ರೈಲ್ವೆಯವರು ಆಗಲೇ ಮುಚ್ಚಿ ಕಲ್ಲು ತುಂಬಿದ್ದರು, ಮತ್ತೆ ಅನುಮತಿ ಬರುವ ಹೊತ್ತಿಗೆ ನೆಲ ಒಣಗಿರುತ್ತದೆ. ಭೀಮಾಶಂಕರ ಬದುವಿನ ಮೇಲೆ ಕೂತು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು.

“ನನ್ನ ತಗದ್ಬಿಡ್ತಾರೇನ್ರಿ?”

“ನಿಮ್ಮನ್ನ ತೆಗೆದರೆ ನನ್ನನ್ನೂ ತೆಗೀಬೇಕು. ಫೋನಿನಲ್ಲಿ ಹೇಳಿದವಳು ನಾನು” ಎಂದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಿತ್ತು.

ಸಂಸ್ಥೆಯ ಹಿರಿಯರಿಗೆ ಅಂದೇ ತಿಳಿಸಿದೆ. ಅವರು, “ಹಳಿ ಎಷ್ಟು ಎದ್ದಿತು ಅನ್ನೋ ಅಳತೆ ಇದೆಯಲ್ಲ? ಬೂದಿ ಹಾಕಿದ ಕಡೆ ಕಡಿಮೆ ಎದ್ದಿದೆ. ಅಷ್ಟು ಬರೆದು ಯಶಸ್ವಿ ಅಂತ ಮುಗಿಸಿ, ವಾಪಸ್ ಬನ್ನಿ” ಎಂದರು. ಒಳ್ಳೆಯ ಮನುಷ್ಯರು, ನನಗೆ ಒಳ್ಳೆಯದನ್ನೇ ಹೇಳಿದರು. ಆದರೆ ಕಡಿಮೆ ಎದ್ದದ್ದು ಬೂದಿಯಿಂದಲೋ, ಅಲ್ಲಿ ನೀರು ಇಳಿಯದೆ ಇದ್ದದ್ದರಿಂದಲೋ ಎಂದು ಆ ಕೊಳವೆಗಳ ಮಣ್ಣು ಮಾತ್ರ ಹೇಳಬಲ್ಲದಾಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ ನಾಳೆ ಅದರ ಮೇಲೆ ಜನ ಕೂತ ರೈಲು ಓಡುತ್ತದೆ. “ಆಗಲ್ಲ ಸಾರ್. ಇನ್ನೊಂದು ಮಳೆಗಾಲ ಕೇಳೋಣ” ಎಂದೆ. ಕೊಡದಿದ್ದರೆ ಎಂದು ಅವರು ಕೇಳಿದರು. ಕೊಡದಿದ್ದರೆ ಸೋತೆವು ಎಂದು ಬರೆಯೋಣ ಎಂದೆ.

ಹೇಳುವುದೇನೋ ಹೇಳಿಬಿಟ್ಟೆ. ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಅಣ್ಣನ ಮನೆಯಲ್ಲಿರುವ ಅಮ್ಮ ದಿನಾ ಫೋನ್ ಮಾಡಿ, “ಹಾಸನದ ಕಾಲೇಜಿನಲ್ಲಿ ಕೆಲಸ ಇದೆಯಂತೆ, ವಿಚಾರಿಸ್ತೀಯೋ ಇಲ್ವೋ? ಒಂದು ಮಳೆಗಾಲ ಅಂತಲ್ವೇನೆ ಹೇಳಿದ್ದು?” ಎನ್ನುತ್ತಿದ್ದರು. ವಿಚಾರಿಸುತ್ತೇನೆ ಎಂದು ಜಾರಿಕೊಳ್ಳುತ್ತಿದ್ದೆ. ಊರು ಬಿಟ್ಟು ಬಂದ ಮೇಲೆ ಮೊದಲ ಸಲ, ನನ್ನ ಭಾಷೆಯೇ ಆಡುವ ಜನರ ನಡುವೆ, ನಾನು ಪರದೇಶಿ ಎನಿಸಿತು. ತಮಿಳುನಾಡಿಗೆ ಹೋಗಿದ್ದರೆ ತಮಿಳು ಬರುವುದಿಲ್ಲ ಎಂಬ ಎಚ್ಚರವಾದರೂ ಇರುತ್ತಿತ್ತು. ಇಲ್ಲಿ ಎಲ್ಲ ಗೊತ್ತು ಎಂಬ ಧೈರ್ಯದಲ್ಲೇ ಬಿದ್ದೆ.

ಚಾಚಿ ಒಂದು ಸಂಜೆ ಒಲೆಯ ಮುಂದೆ ಕೂರಿಸಿಕೊಂಡು ಎಲ್ಲ ಕೇಳಿದರು. ಇಂಡಿಯ ಲಿಂಬೆಹಣ್ಣು ಹಿಂಡಿದ ಪಾನಕ ಕೊಟ್ಟರು.

“ಹಂಗಾದ್ರ ನೀ ನಮ್ಮ ಮಾತ ಅರ್ಧಾ ಕಲತೀದಿ, ತಂಗಿ. ಅರ್ಧಾ ಕಲತವ್ರದ ಪಂಚಾಯ್ತಿ. ಪೂರಾ ಕಲಿ, ಇಲ್ಲಾಂದ್ರ ಕಲೀಲೇಬ್ಯಾಡ.”

ಅವರು ನನ್ನನ್ನು ಬಹುವಚನ ಬಿಟ್ಟು ಕರೆದದ್ದು ಅದೇ ಮೊದಲು. ಪೂರಾ ಕಲಿಯುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ. ಮರುದಿನದಿಂದ ಶೆಡ್ಡಿನಲ್ಲಿ ಹಳಿ ಎಂಬ ಪದಕ್ಕೇ ಬಹಿಷ್ಕಾರ ಹಾಕಿದೆ. ರೈಲಿನದು ರೂಳ, ಹಳೆಯದು ಹಿಂದಿಂದು. ನಾನು ಆಕಾಶವಾಣಿ ಶುರುಮಾಡಿದ ಕೂಡಲೇ ತಡೆಯಬೇಕೆಂದು ಭೀಮಾಶಂಕರರಿಗೆ ಹೇಳಿದೆ. ಅವರು ಅದನ್ನು ಮನಸ್ಸಿಟ್ಟು ಮಾಡಿದರು. ಇದೆ ಎಂದರೆ ಐತಿ ಎಂದು ತಿದ್ದುವರು, ಬರ್ತೀನಿ ಎಂದರೆ ಬರ್ತೇನಿ ಎನ್ನಿಸುವರು. ಸಂತೆಯಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡಿ ಗೆದ್ದ ದಿನ, ಅವಳು “ಯಾವ ಊರ್ರಿ ನಿಮ್ದು, ಸಿಂದಗಿ ಕಡಿಯೇನ್ರಿ?” ಎಂದಳು. ಪದವಿ ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಇನ್ನೊಂದು ಮಳೆಗಾಲ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯ ಸಭೆ ಜನವರಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲೆ. ನಡೆದದ್ದನ್ನು ನಡೆದಂತೆ ಹೇಳಿದೆ. ಸದಸ್ಯರೊಬ್ಬರು, “ಕರ್ನಾಟಕದ ಒಳಗೇ ಭಾಷೆಯ ತೊಂದರೆಯೇ?” ಎಂದು ನಕ್ಕರು. ಇನ್ನೊಬ್ಬರು ನಗಲಿಲ್ಲ. ಮಾದರಿ ಕಳೆದುಕೊಂಡವರಿಗೆ ಮತ್ತೆ ಅವಕಾಶ ಯಾಕೆ ಕೊಡಬೇಕು ಎಂದರು. ಪಕ್ಕದಲ್ಲಿ ಕೂತಿದ್ದ ಭೀಮಾಶಂಕರ ತಡೆಯಲಾರದೆ ಪರದೆಯತ್ತ ಬಾಗಿದರು.

“ಸಾಹೇಬ್ರ, ಮಣ್ಣ ಚೆಲ್ಲಿದ್ದು ನಾ. ಮುಚ್ಚಿಟ್ಟು ಬ್ಯಾರೆ ಮಣ್ಣ ತುಂಬಿದ್ರ ನಿಮಗ ಗೊತ್ತಾಗ್ತಿದ್ದಿಲ್ಲ. ನಾವು ಹಂಗ ಮಾಡ್ಲಿಲ್ರಿ.”

ಅಷ್ಟೇ ಹೇಳಿ ಹಿಂದಕ್ಕೆ ಒರಗಿದರು. ಆ ಕಡೆ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಕಡೆಗೆ ಇನ್ನೊಂದು ಮಳೆಗಾಲ ಕೊಟ್ಟರು, ಎರಡು ಷರತ್ತಿನ ಮೇಲೆ. ಮಾದರಿಗಳನ್ನು ತೆಗೆದ ದಿನವೇ ಪರೀಕ್ಷೆಗೆ ಕಳಿಸಬೇಕು. ಸ್ಥಳೀಯ ಮಾತು ಬಲ್ಲ ಸಂಶೋಧಕರೊಬ್ಬರು ಇಡೀ ವರ್ಷ ಸ್ಥಳದಲ್ಲೇ ಇರಬೇಕು. ಅಂಥವರು ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿದರು.

“ಇಲ್ಲೇ ಅದಾರ್ರಿ” ಎಂದೆ. ಭೀಮಾಶಂಕರ ಮೇಜಿನ ಕೆಳಗೆ ಕೈ ಕೈ ಉಜ್ಜಿಕೊಂಡರು.

ಮನೆಗೆ ಬಂದಾಗ ನನ್ನ ಫೋನು ಚಾರ್ಜು ಮುಗಿದು ಸತ್ತಿತ್ತು. ಚಾಚಿಗೆ ಸುದ್ದಿ ಹೇಳುತ್ತ ಅಡುಗೆಮನೆಯಲ್ಲಿ ಕೂತೆ. ಅಮ್ಮನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಚಾಚಿಯ ಫೋನು ಹೊಡೆದುಕೊಂಡಿತು. ಅವರ ಎರಡೂ ಕೈ ಜೋಳದ ಹಿಟ್ಟು. “ಯಾರದು ನೋಡ, ತಂಗಿ” ಎಂದರು. ಎತ್ತಿಕೊಂಡೆ.

“ಹಲೋ, ಯಾರ್ರಿ? ಚಾಚಿ ರೊಟ್ಟಿ ಬಡ್ಯಾಕತ್ತಾರ್ರಿ. ಏನರ ಹೇಳೂದೈತೇನ್ರಿ?”

ಆ ಕಡೆಯಿಂದ ಗುರುತಿಲ್ಲದವರೊಡನೆ ಆಡುವಂಥ, ಸಂಕೋಚದ ದನಿ.

“ನಾನು ಅರಸೀಕೆರೆಯಿಂದ ಮಾತಾಡ್ತಿರೋದಮ್ಮ. ಪ್ರಮೀಳನ ತಾಯಿ. ಅವಳ ಫೋನು ಹೋಗ್ತಾನೇ ಇಲ್ಲ. ಸ್ವಲ್ಪ ನನ್ನ ಮಗಳನ್ನ ಕರೀತೀರಾ?”

ಚಾಚಿಯ ಕೈ ರೊಟ್ಟಿಯ ಮೇಲೆ ನಿಂತಿತು.

“ಕರೀತೇನ್ರಿ, ಒಂದ್ ನಿಮಿಷ” ಎಂದುಬಿಟ್ಟೆ. ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿಕೊಂಡೆ.

“ಅಮ್ಮ, ನಾನೇ. ಇನ್ನೊಂದು ಮಳೆಗಾಲ ಇಲ್ಲೇ ಇರ್ತೀನಿ.”